ಸಾಂವಕ್ಕ ಕಂಡ ಕನಸು

ಕೆಟ್ಟ ಕನಸನ್ನು ಮೊಬೈಲಿನಲ್ಲಿ ಕಳಿಸಿ, ಒಂದು ವಾರ ಬೇರೆಯವರಿಗೆ ಕಾಣಲು ಕೊಡುವ ಚಿಕಿತ್ಸೆ ಊರೂರಿಗೂ ಬಂದಿತ್ತು. ಅಗ್ನಿಶಾಮಕ ದಳದ ಬಾಳಪ್ಪನೂ ತನ್ನದನ್ನು ಕಳಿಸಿದ. ಹೋದ ವರ್ಷ ಹೊಳೆ ಉಕ್ಕಿದಾಗ ಒಬ್ಬ ಹೆಂಗಸಿನ ಕೈ ಅವನ ಹಿಡಿತ ತಪ್ಪಿತ್ತು. ಅವಳು ಬದುಕಿದಳೋ ಇಲ್ಲವೋ ತಿಳಿಯಲಿಲ್ಲ. ಕನಸಿನಲ್ಲಿ ಮಾತ್ರ ಆ ಕೈ ದಿನವೂ ಜಾರುತ್ತಿತ್ತು.

ವಾರ ಮುಗಿದ ಬೆಳಿಗ್ಗೆ ವೈದ್ಯೆ ಫರ್ಹಾನಾ ವಿಡಿಯೋ ಕರೆ ಮಾಡಿದರು. ಅವನ ಕನಸು ಕಂಡ ಸಾಂವಕ್ಕನೂ ತೆರೆಯ ಮೇಲಿದ್ದಳು. ಬಾಳಪ್ಪ ಮೊಬೈಲನ್ನು ಕಣ್ಣ ಹತ್ತಿರ ತಂದು ನೋಡಿದ. ಕೈ ಜಾರಿದವಳು ಅವಳೇ!

“ಏಳು ದಿನ ನಿನ್ನ ಕನಸ ಕಂಡೀನೋ ತಮ್ಮಾ. ಬರೇ ಸುಳ್ಳು ಐತದು!” ಎಂದು ಅವಳು ಗದರಿದಳು.

“ಹಂಗಂದ್ರ ಏನ ಯಕ್ಕಾ?”

“ನೀ ಎಲ್ಲಿ ಕೈ ಬಿಟ್ಟಿ? ನನ್ನ ಕೋಳಿ ತೇಲಿ ಹೊಂಟಿತ್ತು. ಅದನ್ನ ಹಿಡಿಯಾಕ ನಾನೇ ಕೈ ಕೊಸರಿಕೊಂಡೆ. ನಿನ್ನ ಕನಸಿನ್ಯಾಗ ಕೋಳೀನೇ ಇಲ್ಲಲ್ಲೋ!”

ಬಾಳಪ್ಪನಿಗೆ ಅಳು ಒತ್ತರಿಸಿ ಬಂತು. ಅಳುತ್ತಲೇ ಕೇಳಿದ, “ಕೋಳಿ ಸಿಕ್ತೇನ?”

“ಸಿಗದ ಏನ? ಇಬ್ಬರೂ ಒಂದೇ ಜಾಲಿಗಿಡಕ್ಕ ಸಿಕ್ಕೊಂಡ್ವಿ.”

ಅವನಿಗೆ ನಗು ತಡೆಯಲಾಗಲಿಲ್ಲ. ಫರ್ಹಾನಾ ಮೆಲ್ಲಗೆ ಕೇಳಿದರು, “ವಾರ ಮುಗೀತು ಬಾಳಪ್ಪ. ಕನಸು ವಾಪಸ್ ಕಳಿಸಲಾ?”

“ಕಳಸ್ರಿ ಮೇಡಂ,” ಎಂದ ಬಾಳಪ್ಪ ಕಣ್ಣೊರೆಸಿಕೊಳ್ಳುತ್ತ. “ಆದ್ರ ಕೋಳಿ ಸೇರಿಸಿ ಕಳಸ್ರಿ.”