ಅವ್ವನ ಪಕ್ಕ ಕೂತ ನರ್ಸಬಾಯಿ

ಕಾರ್ಬಾಲಿಕ್ ಸಾಬೂನಿನ ವಾಸನೆ ಬಂದರೆ ಇವತ್ತಿಗೂ ನನಗೆ ಕುಷ್ಟಗಿಯ ನಮ್ಮ ಮನೆಯ ಪಡಸಾಲೆ ನೆನಪಾಗುತ್ತದೆ.

ನಿಜಾಮರ ಕಾಲವದು. ನನ್ನ ತಮ್ಮ ಹುಟ್ಟಿದ ತಿಂಗಳೊಳಗೇ ತೀರಿಕೊಂಡಿದ್ದ. ಅಂದಿನಿಂದ ಅವ್ವ ಅತ್ತಿರಲಿಲ್ಲ, ಮಾತಾಡಿರಲಿಲ್ಲ. ರೊಟ್ಟಿಯನ್ನು ಮುರಿದು ಹಾಗೇ ಬಿಡುತ್ತಿದ್ದಳು. ಬಂದವರೆಲ್ಲ ಹಣೆಬರಹ ಎಂದು ಹೇಳಿ ಹೋಗುತ್ತಿದ್ದರು.

ಒಂದು ಮಧ್ಯಾಹ್ನ, ಅವ್ವನ ಹೆರಿಗೆ ಮಾಡಿಸಿದ್ದ ಮಿಶನ್ ದವಾಖಾನೆಯ ನರ್ಸಬಾಯಿ ಬಂದರು. ಅವರ ಸೀರೆಯಿಂದ ಆ ಸಾಬೂನಿನ ವಾಸನೆ ಬರುತ್ತಿತ್ತು. ಅಜ್ಜಿ ಬಾಗಿಲಲ್ಲೇ ತಡೆದಳು.

"ನಿಮ್ಮ ದೇವ್ರ ಮಾತು ಇಲ್ಲಿ ಬ್ಯಾಡ್ರಿ."

"ಇಲ್ರಿ ಅಮ್ಮಾರ, ಸುಮ್ನ ಕುಂದರ್ತೀನಿ," ಎಂದು ಅವರು ಸಗಣಿ ಸಾರಿಸಿದ ನೆಲದ ಮೇಲೆ ಅವ್ವನ ಪಕ್ಕ ಕೂತರು.

ಬಿಸಿಲು ಅಂಗಳ ದಾಟುವವರೆಗೂ ಅವರು ಹಾಗೇ ಕೂತಿದ್ದರು. ಕೊನೆಗೆ ಅವ್ವನೇ ಬಾಯಿ ತೆರೆದಳು. ಕೂಸಿನ ಬೆರಳು, ಅದರ ಬಿಕ್ಕಳಿಕೆ, ಅದು ಹಾಲು ಕುಡಿಯುವುದನ್ನು ಬಿಟ್ಟ ದಿನ, ಎಲ್ಲವನ್ನೂ ಹೇಳಿದಳು. ನರ್ಸಬಾಯಿ ಅವಳ ಕೈ ಹಿಡಿದು ಕೇಳುತ್ತಲೇ ಇದ್ದರು.

"ನಿಮ್ಮ ದೇವ್ರಿಗೆ ಈ ಸಂಕಟ ಗೊತ್ತೈತೇನ್ರಿ?" ಎಂದಳು ಅವ್ವ.

ನರ್ಸಬಾಯಿ ಅಜ್ಜಿಯತ್ತ ನೋಡಿದರು.

"ಆಕಿನೇ ಕೇಳಾಕತ್ತಾಳ, ಹೇಳ್ರಿ," ಎಂದಳು ಅಜ್ಜಿ.

"ಗೆಳ್ಯಾ ಸತ್ತಾಗ ನಮ್ಮ ಯೇಸುಸ್ವಾಮಿ ಮಂದಿ ಮುಂದ ನಿಂತು ಅತ್ತಾರ್ರಿ."

ಅಷ್ಟು ಕೇಳಿದ್ದೇ ಅವ್ವ ಅವರ ಹೆಗಲಿಗೆ ತಲೆಯಿಟ್ಟು ಗಟ್ಟಿಯಾಗಿ ಅತ್ತಳು. ಅಳು ತಗ್ಗಿದ ಮೇಲೆ ಅಜ್ಜಿ ಮೆಲ್ಲಗೆ ಕೇಳಿದಳು.

"ಆತ ಅತ್ತಾಗ ಯಾರರ ಒಂದು ತಂಬಿಗಿ ನೀರು ಕೊಟ್ರೇನವಾ?"

"ಅದು ಗೊತ್ತಿಲ್ರಿ ಅಮ್ಮಾರ."

ಅಜ್ಜಿ ಎದ್ದು ಅಡುಗೆಮನೆಗೆ ಹೋದಳು. ತಾನು ಕುಡಿಯುವ ತಂಬಿಗೆಯಲ್ಲೇ ನೀರು ತಂದು ನರ್ಸಬಾಯಿಯ ಕೈಗೆ ಕೊಟ್ಟಳು.