ಪಡಸಾಲೆಯ ಗುಂಡಿ

“ಮುಚ್ಚಪ್ಪ ಗಾದ್ರಪ್ಪ, ಆ ಗುಂಡಿ ಮುಚ್ಚು!” ಸಾಂಬಶಿವಪ್ಪ ಕೂಗಿದ. ಮಣ್ಣಿನ ಬಾಂಡ್ಲಿ ಹಿಡಿದಿದ್ದ ಮೇಸ್ತ್ರಿ ಹಾಗೇ ನಿಂತ. ಚಳ್ಳಕೆರೆಯ ಹೊಸ ಮನೆಯ ಪಡಸಾಲೆಯ ನಡುವೆ ಮೊಣಕಾಲುದ್ದದ ಗುಂಡಿಯಿತ್ತು. ಮನೆಯ ನಕ್ಷೆ ಬರೆದ ಮಗಳು ಜ್ಯೋತಿಲಕ್ಷ್ಮಿ ಅದು ಕೂರುವ ಜಾಗ ಎನ್ನುತ್ತಿದ್ದಳು.

“ಮೊಳಕಾಲ್ಮೂರಾಗೆ ನಲವತ್ತು ವರ್ಷ ಮಗ್ಗದ ಗುಂಡಿಯಾಗೆ ಕಾಲಿಟ್ಕೊಂಡು ಕುಂತಿದೀನಿ. ಹೊಸ ಮನೆಯಾಗೂ ಅದೇನಾ?”

“ಒಂದ್ಸಲ ಕುಂತು ನೋಡಪ್ಪ. ಆಮೇಲೆ ಬೇಕಾದ್ರೆ ಮುಚ್ಚಿಸು,” ಎಂದಳು ಮಗಳು.

ಅವನು ಗೊಣಗುತ್ತಲೇ ಅಂಚಿನ ಮೇಲೆ ಕುಳಿತು ಕಾಲು ಇಳಿಬಿಟ್ಟ. ಪಾದಗಳು ಸರಿಯಾಗಿ ನೆಲ ಮುಟ್ಟಿದವು. ಮಗಳು ಅವನ ಮಗ್ಗದ ಗುಂಡಿಯನ್ನೇ ಅಳೆದು ತಂದಿದ್ದಳು. ಬಲಗಾಲು ತಾನಾಗಿಯೇ ಮುಂದೆ ಸರಿದು, ಅಲ್ಲಿಲ್ಲದ ಮಗ್ಗದ ತುಳಿಮಣೆಗಾಗಿ ತಡಕಾಡಿತು. ಸಿಗದೆ ಸುಮ್ಮನಾಯಿತು. ಸಾಂಬಶಿವಪ್ಪ ತಲೆ ಎತ್ತಿದ. ಮಗ್ಗದಲ್ಲಿ ಕೂತು ತಲೆ ಎತ್ತಿದಾಗಲೆಲ್ಲ ಅವನಿಗೆ ಕಂಡದ್ದು ಮಸಿ ಹಿಡಿದ ಗೋಡೆ. ಇಲ್ಲಿ ಎದುರಿಗೆ ಗೋಡೆಯೇ ಇರಲಿಲ್ಲ. ಒಳಂಗಳ, ಮಗಳು ನೆಟ್ಟಿದ್ದ ಪಾರಿಜಾತದ ಸಸಿ, ಅದರ ಮೇಲೆ ಒಂದಿಷ್ಟು ಆಕಾಶ.

ಬಾಂಡ್ಲಿ ಹಿಡಿದೇ ನಿಂತಿದ್ದ ಮೇಸ್ತ್ರಿಯ ಕೈ ಸೋತು ಬಂತು.

“ಗಾದ್ರಪ್ಪ, ಆ ಮಣ್ಣು ಗಿಡದ ಬುಡಕ್ಕೆ ಹಾಕಪ್ಪ.”

ಅಷ್ಟು ವರ್ಷವೂ ಅವನ ಬೆನ್ನ ಹಿಂದೆ ಕುಳಿತು ಲಾಳಿಗೆ ಬೇಕಾದ ರೇಷ್ಮೆ ನೂಲಿನ ಕಂಡಿಕೆ ಸುತ್ತಿಕೊಟ್ಟ ಹೆಂಡತಿ ಬನಶಂಕರಮ್ಮ ಬಾಗಿಲಲ್ಲಿ ನಿಂತಿದ್ದಳು. ಅವನು ಸ್ವಲ್ಪ ಸರಿದು, ಪಕ್ಕದ ಜಾಗದ ಧೂಳನ್ನು ಅಂಗೈಯಿಂದ ಒರೆಸಿದ.

“ಬಾರೇ, ಇಲ್ಲಿ ಇಬ್ರಿಗೆ ಜಾಗ ಐತೆ.”