ಸುದ್ದಿ ಮುಟ್ಟಿಸಿದವಳು

ಗಂಡನ ಫೋನು ಬಡಿದುಕೊಂಡಾಗ ಅವಳು ಯಾರದೋ ಅಂಗಿಗೆ ತೋಳು ಕೂಡಿಸುತ್ತಿದ್ದಳು. "ಅಕ್ಕ ಹೋಗ್ಬಿಟ್ಲು. ಅವ್ರಿಗೊಂದು ಮಾತು ಹೇಳ್ಬಿಡಿ," ಎಂದಿತು ಆ ಕಡೆಯ ಹೆಣ್ಣುದನಿ. ಯಾವ ಅಕ್ಕ ಎಂದು ಕೇಳಬೇಕಾಗಿರಲಿಲ್ಲ. ಗಂಡ ತನ್ನನ್ನು ಬಿಟ್ಟು ಎರಡು ವರ್ಷ ಸಂಸಾರ ಮಾಡಿದ್ದು ಆ ಅಕ್ಕನ ಜೊತೆಗೇ. ಹೋದ ಬೇಸಿಗೆಯಲ್ಲಿ ಮರಳಿ ಬಂದಮೇಲೆ ಅವನು ಫೋನನ್ನು ಇವಳ ಬಳಿಯೇ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದ. ಈಗೀಗ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂರುವಷ್ಟಾಗಿತ್ತು.

ಆ ಹೆಂಗಸು ನೆಗೆದುಬೀಳಲಿ ಎಂದು ಇವಳು ಶಾಪ ಹಾಕದ ದಿನವಿರಲಿಲ್ಲ. ಈಗ ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ತೋಳು ತಿರುಗಾಮುರುಗಾ ಕೂತಿದ್ದು ಕಂಡರೂ ಬಿಚ್ಚದೆ ಹಾಗೇ ಎದ್ದಳು.

ಗಂಡ ಬಡಗಿ ಶೆಡ್ಡಿನಲ್ಲಿ ಬಾಗಿಲ ಹಲಗೆ ಹೆರೆಯುತ್ತಿದ್ದ.

"ಅವಳು ತೀರ್ಕೊಂಡ್ಳಂತೆ ಕಣ್ರೀ."

ಅವನ ಕೈ ನಿಲ್ಲಲಿಲ್ಲ. ಹಲಗೆಯ ತುದಿ ಮುಟ್ಟಿದ ಮೇಲೆ, "ಸರಿ," ಎಂದ.

"ಸರಿ ಅಂದ್ರೆ? ಹೋಗಲ್ವಾ?"

"ಯಾಕೆ ಹೋಗ್ಲಿ? ಎಲ್ಲಾ ಮುಗಿಸ್ಕೊಂಡೇ ಬಂದಿದೀನಲ್ಲ. ನೀನೇ ಆಣೆ ಹಾಕಿಸ್ಕೊಂಡೆ."

ಕೇಳಲು ಹಂಬಲಿಸಿದ್ದು ಈ ಮಾತನ್ನೇ. ಆದರೂ ಮೈ ಉರಿದುಹೋಯಿತು. ಜೊತೆಗೆ ಬಾಳಿದವಳು ಸತ್ತರೆ 'ಸರಿ' ಅನ್ನುವವನು, ನಾಳೆ ತಾನು ಸತ್ತರೆ ಏನಂದಾನು?

"ಕೈ ತೊಳ್ಕೊಳ್ಳಿ. ನಾನೂ ಬರ್ತೀನಿ," ಎಂದಳು. ಯಾಕೆ ಹಾಗಂದೆನೆಂದು ಅವಳಿಗೇ ಹೊಳೆಯಲಿಲ್ಲ.

ಸಾವಿನ ಮನೆಯಲ್ಲಿ ಬೆರಳೆಣಿಕೆಯ ಜನ. ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಆ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ಮಾಟಗಾತಿ ಎಂದುಕೊಂಡಿದ್ದವಳಿಗೆ ಕಿವಿಯ ಬಳಿ ನರೆಗೂದಲು, ಒಡೆದ ತುಟಿ. ತನಗಿಂತ ದೊಡ್ಡವಳೇ ಇದ್ದಾಳು. ಬೈಯಲೆಂದು ಕೂಡಿಟ್ಟಿದ್ದ ಮಾತೊಂದೂ ನೆನಪಿಗೆ ಬರದೆ, ಕಣ್ಣಲ್ಲಿ ಬಳಬಳನೆ ನೀರು ಬಂತು. ಗಂಡ ಮಾತ್ರ ಹೊಸ್ತಿಲಲ್ಲಿ ಕಂಬದ ಹಾಗೆ ನಿಂತಿದ್ದ.

ನೆರೆಮನೆಯ ಮುದುಕಿ ಹತ್ತಿರ ಬಂದು, "ಸತ್ತವಳು ನಿಮಗೇನಾಗ್ಬೇಕಮ್ಮಾ?" ಎಂದಳು.

ಗಂಡ ತಲೆ ತಗ್ಗಿಸಿದ. ಅವಳಿಗೆ ಯಾವ ನಂಟಿನ ಹೆಸರೂ ಒದಗಲಿಲ್ಲ.

"ನಮಗೆ ಬೇಕಾದವರು," ಎಂದಳು ಕೊನೆಗೆ.

ಹೊಸ್ತಿಲಲ್ಲಿದ್ದವನು ಕುಸಿದು ಕೂತು ಗೊಳೋ ಎಂದು ಅತ್ತ. ಅವನು ಯಾರಿಗಾಗಿ ಅಳುತ್ತಿದ್ದಾನೆ, ತಾನು ಯಾರಿಗಾಗಿ ಅತ್ತೆ, ಒಂದೂ ತಿಳಿಯದೆ ಅವಳು ಪಕ್ಕದಲ್ಲಿ ಹೋಗಿ ಕೂತು, ಅವನ ಕೂದಲಿಗೆ ಸಿಕ್ಕಿದ್ದ ಮರದ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದಳು.